ನೀರು ಕಟ್ಟಿದ ಬೆಲೆ

ಒಲೆಯ ಪಕ್ಕದ ಸ್ಟೀಲ್ ಕೊಡದ ತಳದಲ್ಲಿ ಹಳದಿ ಗೆರೆಯೊಂದು ಮೂಡಿದಾಗ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ಮರೆತಿದ್ದೆ. ಕೋಲಾರದ ಹೊರವಲಯದ ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೆಯೇ ತಿಕ್ಕಿ ಮರೆತರು. ಆಮೇಲೆ ಬೋರ್‌ವೆಲ್ ನೀರು ವಾಸನೆ ಹೊಡೆಯತೊಡಗಿತು. ಪರೀಕ್ಷೆಗೆ ಕಳಿಸಿದರೆ ಕುಡಿಯಲು ಯೋಗ್ಯವಲ್ಲವೆಂಬ ಚೀಟಿ ಬಂತು. ಮೇಲಿನ ಬಯಲಲ್ಲಿ ಯಾರೋ ಎಂದೋ ಸುರಿದ ಕಾರ್ಖಾನೆಯ ಕೊಳೆ ನೆಲದೊಳಕ್ಕೆ ಇಳಿದು, ಬಂಡೆಯ ಬಿರುಕುಗಳಲ್ಲಿ ಸದ್ದಿಲ್ಲದೆ ದಾರಿ ಹುಡುಕುತ್ತ, ನಾವು ಪೂಜೆ ಮಾಡಿ ಹಾಲುಕ್ಕಿಸಿದ ಮನೆಗಳ ಅಡಿಗೇ ಬಂದು ನಿಂತಿತ್ತೆಂದು ನೆನೆದರೆ, ಗೆಳೆಯರೇ, ಇಂದಿಗೂ ಮೈ ಜುಮ್ಮೆನ್ನುತ್ತದೆ. ಗೋಡೆಯ ಒಂದು ಇಟ್ಟಿಗೆಯೂ ಅಲುಗಿರಲಿಲ್ಲ. ಮನೆಯ ಬೆಲೆ ಮಾತ್ರ ಒಳಗೊಳಗೇ ಕುಸಿದಿತ್ತು.

ಶ್ರೀನಿವಾಸಪುರದ ಶಾಲೆಗೆ ನನಗೆ ವರ್ಗವಾಗಿತ್ತು, ಮನೆ ಮಾರಲೇಬೇಕಿತ್ತು. ನೀರಿನ ಸಂಗತಿ ಇನ್ನೂ ಬೀದಿ ದಾಟಿರಲಿಲ್ಲ. ನೋಡಲು ಬಂದ ಚಿಕ್ಕ ವಯಸ್ಸಿನ ಗಂಡ ಹೆಂಡಿರ ಮುಂದೆ ಕ್ಯಾನ್ ನೀರು ತುಂಬಿದ ತಂಬಿಗೆ ಇಟ್ಟೆ. ಹುಡುಗಿ ಒಂದು ಗುಟುಕು ಕುಡಿದು, "ಬೋರ್ ನೀರಾ ಟೀಚರ್? ಸಿಹಿಯಾಗಿದೆ" ಅಂದಳು. ನಾನು ಸುಮ್ಮನೆ ನಕ್ಕೆ. ಆ ನಗುವಿಗಿಂತ ದೊಡ್ಡ ಸುಳ್ಳನ್ನು ನಾನು ಬಾಯಿಬಿಟ್ಟು ಆಡಿದ್ದೂ ಇಲ್ಲ.

ಪಕ್ಕದ ಮನೆಯ ಚಾಂದ್‌ಬೀ ಅಲ್ಲೇ ಕೂತಿದ್ದರು. ಬ್ಲೌಸ್ ಹೊಲಿದು ಬದುಕುವ ಅವರೂ ಮನೆ ಮಾರಿ ಮುಳಬಾಗಿಲಿನ ಮಗಳ ಹತ್ತಿರ ಹೋಗುವ ಆಸೆಯಲ್ಲಿದ್ದವರು. ಎದ್ದು ಹೋಗಿ ಹಿತ್ತಲ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಂದು ಹುಡುಗಿಯ ಮುಂದಿಟ್ಟರು.

"ನೀನು ಕುಡಿದಿದ್ದು ಕ್ಯಾನ್ ನೀರಮ್ಮ. ಬೋರ್ ನೀರು ಇದು. ಕುಡೀಬೇಡ, ಮೂಸಿ ನೋಡು ಸಾಕು. ನಮ್ಮನೇದೂ ಹಿಂಗೇ."

ಅವರಿಬ್ಬರೂ ಹೊರಟುಹೋದರು. ಸಂಜೆಯೊಳಗೆ ಊರಿನ ದಲ್ಲಾಳಿಗಳಿಗೆಲ್ಲ ಸುದ್ದಿ ಮುಟ್ಟಿತು. ಕೊನೆಗೆ ಮಾವಿನ ಮಂಡಿಯವರೊಬ್ಬರು ಖಾಲಿ ಕ್ರೇಟುಗಳನ್ನು ಪೇರಿಸಿಡಲು ಜಾಗ ಬೇಕೆಂದು, ಎಲ್ಲ ತಿಳಿದೇ, ನಾನು ಕೇಳಿದ್ದರ ಅರ್ಧಕ್ಕೆ ನಮ್ಮ ಮನೆ ಕೊಂಡರು. ಚಾಂದ್‌ಬೀ ಮನೆಯನ್ನು ಕೇಳುವವರೇ ಇಲ್ಲವಾದರು.

ವಾರಗಟ್ಟಲೆ ನಾನು ಅವರನ್ನು ಮಾತಾಡಿಸಲಿಲ್ಲ. ಸಾಮಾನು ಲಾರಿಗೆ ಹೇರಿದ ದಿನ ಮಾತ್ರ ತಡೆಯಲಾಗದೆ ಅವರ ಬಾಗಿಲಿಗೆ ಹೋದೆ. "ನನ್ನದು ಬಿಡಿ, ನಿಮ್ಮ ಮನೆಗೂ ಗಿರಾಕಿ ಇಲ್ಲದ ಹಾಗಾಯ್ತಲ್ಲ. ಯಾಕೆ ಹೇಳಿದ್ರಿ?"

ಹಲ್ಲಲ್ಲಿ ದಾರ ಕಡಿದು ಅವರು ತಲೆಯೆತ್ತಿದರು. ಮುಖದಲ್ಲಿ ನಿಜವಾದ ಅಚ್ಚರಿಯಿತ್ತು.

"ಆ ಹುಡುಗಿ ಬಸುರಿ ಅಲ್ವಾ ಟೀಚರಮ್ಮ. ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಒಂದು ಗಂಟೆ ಎದುರಿಗೇ ಕೂತಿದ್ದರೂ ಅವಳ ಗಂಡ ಎಷ್ಟಕ್ಕೆ ಒಪ್ಪಿಯಾನೆಂದು ಅವನ ಮುಖವನ್ನಷ್ಟೇ ಓದುತ್ತಿದ್ದೆ. ಚಾಂದ್‌ಬೀ ಮತ್ತೆ ಹೊಲಿಗೆಗೆ ಬಗ್ಗಿದರು. ಲಾರಿಯವನು ಹಾರನ್ ಮೇಲೆ ಹಾರನ್ ಹಾಕುತ್ತಿದ್ದರೂ ನಾನು ಆ ಹೊಸಿಲಿನಲ್ಲಿ, ದೊಡ್ಡ ಬೆಟ್ಟವೊಂದರ ಮುಂದೆ ನಿಂತವಳ ಹಾಗೆ, ಕಾಲು ಕೀಳಲಾಗದೆ ನಿಂತಿದ್ದೆ.