ಎತ್ತು ಎಳೆಯುವ ಬಸ್ಸಿನ ಮುನಿರತ್ನಮ್ಮ

ಹೊಸೂರಿನಿಂದ ಕೃಷ್ಣಗಿರಿಗೆ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಮುತ್ತರಾಯಪ್ಪ ಕೆಲಸ ಬಿಟ್ಟಾಗ, ಮಾಲೀಕ ಹಾರ ಹಾಕಲಿಲ್ಲ, ಬಸ್ಸನ್ನೇ ಕೊಟ್ಟ. ಅದನ್ನು ಔದಾರ್ಯವೆಂದು ಯಾರೂ ತಿಳಿಯಬೇಕಿಲ್ಲ. ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಇಂಜಿನ್ನು ಬಿಚ್ಚಿ ಮಾರಿಕೊಂಡ ಮೇಲೆ ಉಳಿದ ತಗಡನ್ನು ಇಟ್ಟುಕೊಂಡು ಆ ಮಹಾರಾಯ ಮಾಡುವುದಾದರೂ ಏನಿತ್ತು? ಮುತ್ತರಾಯಪ್ಪ ಬಸ್ಸಿನ ಹಿಂದಿನ ಅರ್ಧವನ್ನು ಕತ್ತರಿಸಿ, ಗಾಡಿಯ ಅಚ್ಚಿನ ಮೇಲೆ ಕೂರಿಸಿ, ಎರಡು ಎತ್ತು ಹೂಡಿದ.

ಮಕ್ಕಳಿಲ್ಲದ ಸಂಸಾರ. ಬಾಡಿಗೆ ಮನೆ ಬಿಟ್ಟು ಇಬ್ಬರೂ ಅದರಲ್ಲೇ ಬಿಡಾರ ಹೂಡಿದರು. ಹೆಂಡತಿ ಮುನಿರತ್ನಮ್ಮ ಎಂಟು ದಿನ ಗಂಡನ ಜೊತೆ ಮಾತು ಬಿಟ್ಟಳು. ಒಂಬತ್ತನೆಯ ದಿನ ಹಳೆಯ ಸೀರೆ ಹರಿದು ಕಿಟಕಿಗಳಿಗೆ ಪರದೆ ಕಟ್ಟಿದಳು. ಆಮೇಲೆ ಯಾರಾದರೂ ಅದನ್ನು ಗಾಡಿ ಎಂದರೆ ಅವಳಿಗೇ ಸಿಟ್ಟು ಬರುತ್ತಿತ್ತು. ಬಸ್ಸು ಎನ್ನಬೇಕು.

ರಾಗಿ ಕೊಯ್ಲು ಮುಗಿದು ಅವರೆಕಾಯಿಗೆ ಸೊಗಡು ಹತ್ತಿತೆಂದರೆ ಬಸ್ಸು ಹೊರಡುತ್ತಿತ್ತು. ಮೊದಲು ಗುಮ್ಮಳಾಪುರ. ಅಲ್ಲಿ ಆವುಲಪ್ಪ, ಅವನ ಹೆಂಡತಿ ಪಿಳ್ಳಮ್ಮ. ಆವುಲಪ್ಪ ಹಿಂದೆ ಅದೇ ಬಸ್ಸಿನ ಕಂಡಕ್ಟರಾಗಿದ್ದು ಬೇಸಾಯಕ್ಕೆ ಮರಳಿದವನು. ಹೊರಡುವಾಗ ಈಗಲೂ ಮೆಟ್ಟಿಲ ಮೇಲೆ ನಿಂತು ಸೀಟಿ ಊದುತ್ತಿದ್ದ, ಎತ್ತುಗಳು ಬೆಚ್ಚುತ್ತಿದ್ದವು. ನಾಲ್ವರೂ ಯಾವುದಾದರೂ ಕೆರೆಯ ಪಕ್ಕದ ತೋಪಿನಲ್ಲಿ ಸಂಕ್ರಾಂತಿಯವರೆಗೆ ಇರುತ್ತಿದ್ದರು. ಗಂಡಸರು ಚೌಕಾಬಾರ ಆಡುತ್ತ, ಮೋಸ ಮಾಡುತ್ತ, ಜಗಳವಾಡುತ್ತಿದ್ದರು. ಹೆಂಗಸರು ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕುತ್ತ, ತಮ್ಮ ತಮ್ಮ ಗಂಡಂದಿರನ್ನು ಆಡಿಕೊಂಡು ನಗುತ್ತಿದ್ದರು. ಪಿಳ್ಳಮ್ಮನಿಗೆ ಮುತ್ತರಾಯಪ್ಪ ‘ಅಣ್ಣಯ್ಯ’. ಒಡಹುಟ್ಟಿದವರಿಲ್ಲದ ಮುನಿರತ್ನಮ್ಮನಿಗೆ ಪಿಳ್ಳಮ್ಮನ ಬಾಯಲ್ಲಿ ‘ಅಕ್ಕಯ್ಯ’ ಅನ್ನಿಸಿಕೊಂಡರೆ ಹೊಟ್ಟೆ ತುಂಬುತ್ತಿತ್ತು.

ನಲವತ್ತೈದರ ಆಷಾಢದಲ್ಲಿ ಆವುಲಪ್ಪ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟ. ಮಣ್ಣಿಗೆ ಇವರಿಬ್ಬರೂ ಹೋಗಿ ಬಂದರು.

ಆ ವರ್ಷವೂ ಅವರೆ ಬಂತು. ಮುತ್ತರಾಯಪ್ಪ ಎತ್ತು ಹೂಡಿ, “ಗುಮ್ಮಳಾಪುರಕ್ಕೆ ಹೋಗಿ ಪಿಳ್ಳಮ್ಮನ್ನ ಕರ್ಕಂಡ್ ಬರಾನ” ಎಂದ.

“ನಿಂಗೆ ಬುದ್ಧಿ ಐತಾ? ವರ್ಷ ತುಂಬ್ದೆ ಇರೋ ಮನೇಗೆ ಹೋಗಿ ಸಂತೋಷಕ್ಕೆ ಕರೀತಾರಾ? ಊರೋರು ಅವಳ್ನ ಏನಂದಾರು?” ಎಂದಳು ಮುನಿರತ್ನಮ್ಮ.

ಮಾತು ಸರಿಯೇ. ಸಾವಿನ ಮನೆಯವರನ್ನು ವರ್ಷದ ಕಾರ್ಯ ಮುಗಿಯುವ ತನಕ ಹಬ್ಬಕ್ಕೆ ಕರೆಯುವಂತಿಲ್ಲ. ಅವರಾಗಿ ಇನ್ನೊಬ್ಬರ ಮನೆಗೆ ಹೋಗುವಂತೆಯೂ ಇಲ್ಲ. ಆದರೆ ಅವಳ ಮನಸ್ಸಿನಲ್ಲಿ ಇನ್ನೊಂದೂ ಇತ್ತು. ತಾನು ಹಣೆತುಂಬ ಕುಂಕುಮ ಇಟ್ಟುಕೊಂಡು, ಗಂಡನ ಪಕ್ಕದಲ್ಲಿ ಕೂತುಕೊಂಡು, ಆ ಬೋಳು ಕೈಗಳ ಎದುರು ಹೇಗೆ ಅವರೆ ಹಿತುಕಲಿ? ಅದರ ಹಿಂದೆ, ಬಾಯಿಬಿಟ್ಟು ಹೇಳಲಾರದ ಇನ್ನೊಂದು ಹೆದರಿಕೆ. ಹೊರಡುವ ಬಸ್ಸಿಗೆ ಮೊದಲು ಎದುರಾಗುವವಳು ಪಿಳ್ಳಮ್ಮನೇ ಅಲ್ಲವೇ? ಮುತ್ತರಾಯಪ್ಪನಿಗೂ ವಯಸ್ಸಾಗಿತ್ತು. ಅವಳು ಆ ಯೋಚನೆಯನ್ನು ಅದುಮಿ ಹಾಕಿ, ಸಂಪ್ರದಾಯದ ಮಾತನ್ನೇ ಗಟ್ಟಿಯಾಗಿ ಹೇಳಿದಳು. ಬಸ್ಸು ತೊರಪಲ್ಲಿಯ ಕಡೆ ತಿರುಗಿತು. ಅಲ್ಲಿನ ಸ್ನೇಹಿತರ ತೋಪಿನಲ್ಲಿ ಅವರೆ ಹಿತುಕುವಾಗ ಯಾರೂ ನಗಿಸಲಿಲ್ಲ. ಮುನಿರತ್ನಮ್ಮ ವಾರಕ್ಕೇ ಬೇಸತ್ತು ಹೋದಳು.

ಮರುವರ್ಷ ಅವರೆ ಬರುವ ಮೊದಲೇ ಅವಳು ತಯಾರಾದಳು. ಪಿಳ್ಳಮ್ಮನಿಗೆಂದು ಕಾಫಿ ಬಣ್ಣದ ಸೀರೆ ತಂದಿಟ್ಟಳು. ಬಸ್ಸಿನೊಳಗೆ ಪಿಳ್ಳಮ್ಮ ಮಲಗುವ ಹಲಗೆಯನ್ನು ತೊಳೆದು ಒಣಗಿಸಿದಳು. ಈ ಸಲ ಅವಳನ್ನು ಕೂರಿಸಿಕೊಂಡೇ ಮುಂದೆ ಹೋಗುವುದು, ಇಲ್ಲದಿದ್ದರೆ ಹೋಗುವುದೇ ಬೇಡ ಎಂದು ಗಂಡನಿಗೆ ಹೇಳಿದಳು.

ಗುಮ್ಮಳಾಪುರ ತಲುಪಿದಾಗ ಪಿಳ್ಳಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಸೊರಗಿದ್ದಳು. ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಎತ್ತುಗಳಿಗೆ ಹುಲ್ಲು ಹಾಕಿಸಿದಳು. ಎಲ್ಲವನ್ನೂ ಕುಂದಿಲ್ಲದೆ ಮಾಡಿದಳು. ಮುನಿರತ್ನಮ್ಮ ಸೀರೆ ತೆಗೆದು ಅವಳ ಮಡಿಲಲ್ಲಿಟ್ಟಳು.

“ವರ್ಷ ತುಂಬ್ಲಿ ಅಂತ ಕಾದಿದ್ದೆ ಕಣೇ. ಹೊರಡು, ಹೋಗಾನ.”

ಪಿಳ್ಳಮ್ಮ ಸೀರೆಯ ಅಂಚನ್ನು ಸವರುತ್ತ ಕೂತಳು. “ವರ್ಷದ ಕಾರ್ಯ ಹೋದ ವರ್ಸ ಕಾರ್ತೀಕದಾಗೇ ಮಾಡಿಸ್ಬುಟ್ಟೆ ಅಕ್ಕಯ್ಯ. ಐದೇ ತಿಂಗ್ಳಿಗೆ.”

“ಯಾಕೆ? ಮನೇಲಿ ಮದ್ವೆ ಏನಾರ ಇತ್ತಾ?”

ಶುಭಕಾರ್ಯವಿದ್ದರೆ ಮಾತ್ರ ಜನ ವರ್ಷದ ಕಾರ್ಯವನ್ನು ಹಾಗೆ ಅವಧಿಗೆ ಮೊದಲೇ ಮುಗಿಸುತ್ತಿದ್ದರು.

“ಯಾವ ಮದ್ವೆ? ಸೂತಕ ಕಳ್ದ್ರೆ ನೀವು ಕರ್ಯಕ್ಕೆ ಬತ್ತೀರಿ ಅಂತ. ಊರ ಯಜಮಾನ್ರ ಕಾಲು ಹಿಡ್ದು ಒಪ್ಪಿಸ್ದೆ. ಗಂಡ ಸತ್ತು ಆರು ತಿಂಗ್ಳಾಗಿಲ್ಲ, ಇವಳಿಗೆ ಬಸ್ಸು ಹತ್ತೋ ಆಸೆ ಅಂತ ಓರಗಿತ್ತೀರು ಮಕದ ಮೇಲೇ ಅಂದ್ರು. ಅಂದ್ಕಳ್ಳಿ ಅಂದೆ. ಸಂಕ್ರಾಂತಿ ಗಂಟ ಗಂಟು ಕಟ್ಕಂಡು ಕೆರೆ ಏರಿ ಮೇಲೆ ಕುಂತಿದ್ದೆ.”

ಮುನಿರತ್ನಮ್ಮ ಅವಳ ಕೈ ಹಿಡಿದುಕೊಂಡಳು. “ನಂಗೊತ್ತಿರ್ಲಿಲ್ಲ ಕಣೇ. ದೇವರಾಣೆಗೂ ಗೊತ್ತಿರ್ಲಿಲ್ಲ. ಒಂದು ಮಾತು ಹೇಳಿ ಕಳಿಸ್ಬಾರ್ದಿತ್ತಾ?”

“ನನ್ನ ಕರೀರಿ ಅಂತ ನಾನೇ ಹೇಳಿ ಕಳಿಸ್ಲಾ? ತೊರಪಲ್ಲಿ ಕಡೆ ಹೋದ್ರಂತೆ ಅಂತ ಸಂತೇಗೆ ಹೋದೋರು ಬಂದು ಹೇಳಿದ್ರು. ಮುಂಡೆ ಮಕ ಎದುರಾಯ್ತದೆ ಅಂತ ಹೆದರಿರ್ತಾರೆ, ಅಣ್ಣಯ್ಯನ್ನ ಚೆನ್ನಾಗಿ ಇಟ್ಕಬೇಕಲ್ಲ, ಅಂದ್ಕಂಡೆ. ತಪ್ಪೇನಿಲ್ಲ ಬುಡು.”

ಇಲ್ಲ ಎನ್ನಲು ಮುನಿರತ್ನಮ್ಮ ಬಾಯಿ ತೆರೆದಳು. ಪಿಳ್ಳಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಒಂದು ಸುಳ್ಳಾದರೂ ಸಿಗಬಾರದೇ ಎಂದು ಇಬ್ಬರೂ ಕಾದರು. ಕೊನೆಗೆ ಮುನಿರತ್ನಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಪಿಳ್ಳಮ್ಮನೇ ಅವಳ ಬೆನ್ನು ಸವರಿದಳು.

“ಈಗ ಬಾರೇ. ನಿನ್ನ ಕಾಲಿಗೆ ಬೀಳ್ತೀನಿ.”

“ಬ್ಯಾಡ ಅಕ್ಕಯ್ಯ. ನಾನು ಕುಂತಿದ್ರೆ ನಿಂಗೆ ದಿನಾ ಹೆದರಿಕೆ. ಅದನ್ನ ನೋಡ್ಕಂಡು ನಂಗಿರಕ್ಕಾಗಕಿಲ್ಲ.”

ಅವಳು ಒಂದು ಮೊರ ಅವರೆಕಾಯಿ ತಂದು ಬಸ್ಸಿನೊಳಗೆ ಸುರಿದಳು. ಸೀರೆಯನ್ನು ಮಾತ್ರ ಬೇಡ ಎನ್ನದೆ ಇಟ್ಟುಕೊಂಡಳು. ಮುತ್ತರಾಯಪ್ಪ ತಲೆ ಎತ್ತದೆ ಎತ್ತುಗಳನ್ನು ಹೂಡಿದ. ಬಸ್ಸು ಹೊರಡುತ್ತದೆ ಎನ್ನುವಾಗ ಪಿಳ್ಳಮ್ಮ ಸರಸರನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಣ್ಣಯ್ಯನ ಪ್ರಯಾಣಕ್ಕೆ ತಾನು ಎದುರಾಗಬಾರದಲ್ಲ.

“ಬಾಗ್ಲು ತಗಿಯೇ ಪಿಳ್ಳೀ! ಎದುರಿಗೆ ಬಂದು ನಿಂತ್ಕಳೇ!” ಎಂದು ಮುನಿರತ್ನಮ್ಮ ಮೆಟ್ಟಿಲ ಮೇಲೆ ನಿಂತು ಕೂಗಿದಳು.

“ಹೋಗ್ಬುಟ್ಟು ಬಾ ಅಕ್ಕಯ್ಯ,” ಎಂದು ಒಳಗಿನಿಂದ ದನಿ ಬಂತು, “ನೀವು ಏರಿ ದಾಟಿದ ಮ್ಯಾಲೆ ತಗೀತೀನಿ.”

ಬಾಗಿಲು ತೆರೆಯುವ ತನಕ ಕದಲುವುದಿಲ್ಲವೆಂದು ಮುನಿರತ್ನಮ್ಮ ಹಟ ಹಿಡಿದಳು. ಹೊತ್ತು ನೆತ್ತಿಗೇರಿತು. ಓರಗಿತ್ತಿಯರು ಬಂದು ನಿಂತು ನೋಡತೊಡಗಿದರು. ಕೊನೆಗೆ ಮುತ್ತರಾಯಪ್ಪ ಹೆಂಡತಿಯನ್ನು ಕೇಳದೆಯೇ ಎತ್ತುಗಳನ್ನು ಏರಿಯ ಕಡೆ ಹೊಡೆದ.