ಬುಡ ಕೆಳಗೆ

ನೇರ ಗೆರೆಯ ಮೇಲೆ ನನಗೆ ಒಂದು ಕಾಲದಲ್ಲಿ ವಿಪರೀತ ಮೋಹ. ಬಾಳೆಲೆಯಲ್ಲಿ ಸಾರು ಸೊಟ್ಟಗೆ ಹರಿದರೂ ತಿದ್ದಬೇಕೆನಿಸುತ್ತಿತ್ತು. ಇಂಥವನನ್ನು ಓವರ್‌ಸಿಯರ್ ಮಾಡಿ, ತೆಲುಗು ಗಡಿಯ ನಂಗಲಿ ಕಡೆಯ ಒಂದು ಹಳ್ಳದ ದಂಡೆ ಉಳಿಸಿ ಬಾ ಎಂದು ಕಳಿಸಿದರು. ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮೊದಲಿನ ಮಾತು.

ಆ ಹಳ್ಳವೋ, ಮಧ್ಯಾಹ್ನದ ನಿದ್ದೆಯಿಂದ ಈಗಷ್ಟೇ ಎದ್ದವರ ಹಾಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತೂಗಾಡುತ್ತ ಹೋಗುತ್ತಿತ್ತು. ಅದನ್ನು ನೋಡುತ್ತ ಕೂತರೆ ನಕ್ಷೆ, ಟೇಪು ಎಲ್ಲ ಮರೆತು ಕಣ್ಣು ಎಳೆಯುತ್ತಿತ್ತು. ಆದರೆ ತಿರುವಿನಲ್ಲಿ ಮಾತ್ರ ಅದು ಮಳೆಗಾಲಕ್ಕೊಮ್ಮೆ ಮುನಿವೆಂಕಟಮ್ಮನ ಹಿಪ್ಪುನೇರಳೆ ತೋಟವನ್ನು ತಿನ್ನುತ್ತಿತ್ತು. ತೋಟದ ಬಾವಿಗೂ ದಂಡೆಗೂ ನಡುವೆ ಉಳಿದಿದ್ದು ಹದಿನೈದು ಹೆಜ್ಜೆ. ಬಾವಿ ಹೋದರೆ ಸೊಪ್ಪಿಲ್ಲ, ಸೊಪ್ಪಿಲ್ಲದಿದ್ದರೆ ರೇಷ್ಮೆಹುಳುವಿಲ್ಲ. ಒಂಟಿ ಮುದುಕಿಗೆ ಬೇರೆ ಬದುಕೂ ಇರಲಿಲ್ಲ.

ತಿರುವಿಗೆ ಅಡ್ಡಲಾಗಿ ನೆಟ್ಟಗೆ ಒಂದು ಕಲ್ಲಿನ ಗೋಡೆ ಬರೆದು, ಹಾಗೆಯೇ ಕಟ್ಟಿಸಿದೆ. ಅದರ ಹಿಂದೆ, ದಂಡೆಯ ಅಂಚಿನಲ್ಲಿ, ಗುರುತಿಗೆಂದು ಎರಡು ಸಾಲು ಗೂಟ. ಮುನಿವೆಂಕಟಮ್ಮ ತನ್ನ ಬೇಲಿಯಿಂದ ಲಕ್ಕಿಗಿಡದ ಹಸಿ ಕೋಲು ಕಡಿದು ತಂದಳು.

“ಒಣಗಿದ್ದು ತನ್ನಿ ಅಂದ್ರೆ ಹಸೀದು ತಂದಿದೀರಲ್ಲ, ಅವ್ವಾ!” ಎಂದು ಗದರಿದೆ.

“ಒಣಗಿದ್ದು ಒಲೆಗೆ ಬೇಕು ಸಾಮಿ. ಬುಡ ಕೆಳಗೆ ಹಾಕ್ಸಿ, ತಲೆಕೆಳಗೆ ಹೊಡೀಬ್ಯಾಡ್ರಿ.”

ಗುರುತಿನ ಗೂಟಕ್ಕೂ ತಲೆ ಬುಡ ಉಂಟೇ ಎಂದು ನಾನು ನಕ್ಕೆ. ಆಳುಗಳು ಮಾತ್ರ ನನ್ನನ್ನು ಬಿಟ್ಟು ಅವಳ ಮಾತು ಕೇಳಿದರು.

ಕೆಲಸ ಮುಗಿಸಿ ನಾನು ಹೊರಟುಬಂದ ನಾಲ್ಕು ತಿಂಗಳಿಗೆ, ಕಾರ್ತಿಕದಲ್ಲಿ, ಹಳ್ಳ ಉಕ್ಕಿತು. ಮೂರನೆಯ ದಿನ ಸೈಕಲ್ ತುಳಿದು ಹೋದರೆ, ನನ್ನ ಗೋಡೆಯ ಕಲ್ಲುಗಳು ನೀರಿನ ನಡುವೆ ಎಮ್ಮೆಗಳ ಹಾಗೆ ಮಲಗಿದ್ದವು. ಬಾವಿಯ ಕಡೆ ಕತ್ತೆತ್ತಿ ನೋಡಲು ಧೈರ್ಯ ಬರಲಿಲ್ಲ. ಕೊನೆಗೆ ನೋಡಿದೆ. ಬಾವಿ ಇತ್ತು. ಅದರ ಮುಂದೆ ನನ್ನ ಗೂಟಗಳೆಲ್ಲ ಚಿಗುರಿ, ಹರಿವಿಗೆ ಬಾಗಿ, ಬೇರಿನಲ್ಲಿ ಮಣ್ಣು ಹಿಡಿದುಕೊಂಡು ನಿಂತಿದ್ದವು. ನಾಚಿಕೆಯೂ ಆಯಿತು, ಕಣ್ಣೂ ತುಂಬಿತು. ಮುದುಕಿ ಕುಡಿಯಲು ಒಂದು ಚೆಂಬು ನೀರು ಸೇದಿ ಕೊಟ್ಟಳು.

ಆಮೇಲೆ ಗೋಡೆ ಕಟ್ಟಲಿಲ್ಲ. ಬಿದ್ದ ಕಲ್ಲನ್ನು ದಂಡೆಯ ಪಾದಕ್ಕೆ ಹಾಕಿಸಿ, ಲಕ್ಕಿಯ ನಡುವೆ ಹಸಿ ಕೊಂಬೆ ಹೆಣೆಸಿ, ಹಳ್ಳವನ್ನು ಅದರ ಪಾಡಿಗೆ ತಿರುಗಲು ಬಿಟ್ಟೆ. ಎರಡು ವರ್ಷ ಕಳೆದು ಹೋದಾಗ ಅಲ್ಲಿ ನೆರಳಿತ್ತು, ನೆರಳಿನಡಿ ಮಡುವಿತ್ತು. “ಚೂಡು ಸಾಮಿ, ಕೊರಮೀನು!” ಎಂದು ಮುನಿವೆಂಕಟಮ್ಮ ಖುಷಿಯಲ್ಲಿ ತೆಲುಗಿಗೆ ಜಾರಿ, ನೋಡೆಂದು ಬೇರಿನ ಸಂದಿಗೆ ಬೆರಳು ತೋರಿಸಿದಳು. ಎಷ್ಟೋ ವರ್ಷಗಳಿಂದ ಅಲ್ಲಿ ಮೀನು ಕಂಡವರಿರಲಿಲ್ಲವಂತೆ. ಮರಿಗಳು ಹಿಂಡಾಗಿ, ಸೊಟ್ಟಸೊಟ್ಟಗೆ ಓಡಾಡುತ್ತಿದ್ದವು. ಯಾವುದನ್ನೂ ನೇರ ಮಾಡಬೇಕೆನಿಸಲಿಲ್ಲ.

ಈಗ ನನ್ನ ಕೈಗೂ ಒಂದು ಊರುಗೋಲು ಬಂದಿದೆ, ಒಣಗಿ ಎಷ್ಟೋ ವರ್ಷವಾದದ್ದು. ಆದರೂ ಊಟ ಮುಗಿಸಿ ಮಲಗುವ ಮುಂಚೆ ಅದನ್ನು ಮೂಲೆಗೆ ಒರಗಿಸುವಾಗ, ಬುಡ ಯಾವುದೆಂದು ನೋಡಿ, ಅದನ್ನೇ ಕೆಳಗೆ ಮಾಡಿ ಇಡುತ್ತೇನೆ.