ಲಗ್ನಪತ್ರಿಕೆಯ ಕನ್ನಡ ಬದಿ

ಮಹಾರಾಷ್ಟ್ರದ ಉದಗೀರಕ್ಕೆ ಬಂದು ಪ್ರೆಸ್ಸೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ನನ್ನ ಭಾಷೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಯಾಗಿ ಅಚ್ಚಾದದ್ದನ್ನು ಕಂಡೆ. ಲಗ್ನಪತ್ರಿಕೆಯ ಒಂದು ಬದಿಗೆ ಚೊಕ್ಕ ಮರಾಠಿ. ಇನ್ನೊಂದು ಬದಿಗೆ, ಹೆಣ್ಣಿನ ತಂದೆತಾಯಿಯ ಹೆಸರಿರಬೇಕಾದಲ್ಲಿ, ಬರೀ ಪ್ರಶ್ನೆಗಳು.

"ನಿಮ್ಮ ಕಾನಡೀನೇ ಹಂಗ ಅದ, ವೈನಿ. ಕಂಪ್ಯೂಟರಿಗೂ ತಿಳಿವಲ್ದು," ಎಂದರು ಪ್ರೆಸ್ಸಿನ ಮಾಲಕರು. ಅವರ ಅಜ್ಜಿ ಸಾಯುವತನಕ ಕನ್ನಡವನ್ನೇ ಆಡಿದವರಂತೆ.

ನಾನು ಹುಮನಾಬಾದಿನಿಂದ ಮದುವೆಯಾಗಿ ಬಂದವಳು. ಅಲ್ಲಿ ಬಾಡಿಗೆ ಮನೆ ಕೇಳಿದರೆ ಯಾರ ಪೈಕಿ ಎಂದು ಜಾತಿ ಕೇಳುತ್ತಾರೆ, ಇಲ್ಲಿ ನನ್ನ ಮಾತು ಕೇಳಿಯೇ "ಕಾನಡೀ ಕಾ?", ಕನ್ನಡದವಳಾ, ಎಂದು ಬಾಗಿಲು ಮುಚ್ಚುತ್ತಿದ್ದರು. ನಮ್ಮ ಜೋಳದ ರೊಟ್ಟಿಯೇ ಇಲ್ಲಿ ಭಾಕರಿ. ರೊಟ್ಟಿ ಎಂದರೆ ಖಾನಾವಳಿಯವನು ನನ್ನನ್ನು ಅಣಕಿಸಿ ಪಕ್ಕದವರನ್ನು ನಗಿಸುತ್ತಿದ್ದ.

"ನಾಳಿಗಿ ಹೆಣ್ಣಿನ ಅವ್ವ ಬರ್ತಾಳ. ಕಾನಡೀ ಬದಿ ತೆಗದೇ ಬಿಡ್ರಿ," ಎಂದರು ಮಾಲಕರು.

ನಾನು ತೆಗೆಯಲಿಲ್ಲ. ಪತ್ರಿಕೆಯ ಫೈಲುಗಳನ್ನು ಬರೆಯುವ ಪೈಥಾನ್ ಪ್ರೋಗ್ರಾಮು ಬಿಚ್ಚಿ ನೋಡಿದೆ. ಹಿಂದಿನ ಆಪರೇಟರ್ ಮರಾಠಿ ಫೈಲಿಗೆ ಮಾತ್ರ ಯುಟಿಎಫ್-೮ ಎಂಬ ಅಕ್ಷರಸಂಕೇತ ಕೊಟ್ಟಿದ್ದ. ಅದಿದ್ದರೆ ಎಲ್ಲ ಲಿಪಿಯೂ ಉಳಿಯುತ್ತದೆ. ಕನ್ನಡದ ಫೈಲಿಗೆ ಅದಿರಲಿಲ್ಲ. ಬದಲಿಗೆ, ಗುರುತು ಸಿಗದ ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕೆಂಬ ಆಜ್ಞೆಯಿತ್ತು. ಸರಿಪಡಿಸಿದೆ. ಹೆಸರುಗಳು ಬಂದವು. ಆದರೆ ನಡುವಿನ ದಿನಾಂಕ, ತಿಂಗಳು, ವಾರ ಎಲ್ಲ ಮರಾಠಿಯಲ್ಲೇ ನಿಂತಿದ್ದವು.

ಮಾಲಕರು ಇಣುಕಿ ನೋಡಿದರು. "ತಾರೀಖಿಗರೆ ಬುದ್ಧಿ ಅದ. ಮರಾಠಿ ಬಿಟ್ಟಿಲ್ಲ!"

ಸಿಟ್ಟು ನೆತ್ತಿಗೇರಿತು, ಮತ್ತೆ ಪ್ರೋಗ್ರಾಮು ಬಿಚ್ಚಿದೆ. ಎರಡೂ ಬದಿಗೆ ಒಂದೇ ಮರಾಠಿ ರೂಢಿಯಲ್ಲಿ ದಿನಾಂಕ ಬರೆಯುತ್ತಿತ್ತು ಆ ಪ್ರೋಗ್ರಾಮು. ಕನ್ನಡ ಬದಿಗೆ ಕನ್ನಡದ ರೂಢಿಯನ್ನೇ ಬೇರೆಯಾಗಿ ಕೊಟ್ಟೆ. ಭಾನುವಾರ ಎಂದು ಮೂಡಿದಾಗ ಕಣ್ಣು ತುಂಬಿತು.

ಮರುದಿನ ಭಾಲ್ಕಿಯಿಂದ ಬಂದ ಹೆಣ್ಣಿನ ತಾಯಿ ಪತ್ರಿಕೆಯ ಮೇಲೆ ಬೆರಳಾಡಿಸಿ ಗಂಡನ ಹೆಸರು, ತನ್ನ ಹೆಸರು ಗಟ್ಟಿಯಾಗಿ ಓದಿದರು.

"ಬೀಗರ ಮನ್ಯಾಗ ಇದನ್ನ ಓದೋರು ಯಾರೂ ಇಲ್ರಿ. ಮಗಳರೆ ಓದ್ಲಿ ಅಂತ ಹಟ ಹಿಡಿದೆ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀ ಯಾ ಊರಾಕಿ ಅವ್ವಾ?"

"ಇಥಲೀಚ," ಎಂದುಬಿಟ್ಟೆ. ಇಲ್ಲಿಯವಳೇ ಎಂದು, ಮರಾಠಿಯಲ್ಲಿ. ಬಾಡಿಗೆ ಮನೆಗಾಗಿ ರೂಢಿ ಮಾಡಿಕೊಂಡ ಉತ್ತರ, ತಾನಾಗಿಯೇ ಹೊರಬಿದ್ದಿತ್ತು.

ಮಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ತಾಯಿಯ ಮುಖ ಸಣ್ಣದಾಯಿತು. ಪತ್ರಿಕೆಗಳ ಕಟ್ಟು ಎತ್ತಿಕೊಂಡು, ಪರರೊಡನೆ ಆಡುವ ಮರ್ಯಾದೆಯ ಮರಾಠಿಯಲ್ಲಿ "ಯೇತೇ," ಬರುತ್ತೇನೆ, ಎಂದು ಹೊರಟುಹೋದರು.